ಬರಿದಲೆಯವರು

ಬಕ್ಕಪ್ಪ ಬೀಗರು ರುಮಾಲನ್ನು ತುಸು ಮೇಲೆತ್ತಿ ಬೆವರು ಒರೆಸಿಕೊಳ್ಳುತ್ತಿದ್ದಾರೆ, ಹಣೆಯ ಮೇಲ್ತುದಿಯಲ್ಲಿ ಬೆಳ್ಳಗಿನ ಪಟ್ಟಿ, ಬಿಸಿಲು ಕಾಣದ ಎರಡು ಬೆರಳಗಲದ ಚರ್ಮ, ರುಮಾಲು ಸುತ್ತುವ ಗಂಡಸರಿಗೆಲ್ಲ ಇರುವಂಥದೇ — ನಮ್ಮ ಮನೆಯವರಿಗೂ ಇತ್ತು, ಮದುವೆಯಾದ ಹೊಸತರಲ್ಲಿ ಇವರು ರುಮಾಲು ತೆಗೆದು ಗೂಟಕ್ಕೆ ಹಾಕಿದಾಗ ನಾನು ಬಾಗಿಲ ಸಂದಿಯಿಂದ ನೋಡಿ ನಕ್ಕಿದ್ದೆ, ವಿಭೂತಿಯ ಮೇಲೆ ಇನ್ನೊಂದು ವಿಭೂತಿ ಹಚ್ಚಿಕೊಂಡಾರ ನೋಡು ಅಂತ, ಅವರಿಗೂ ಕೇಳಿಸಿತ್ತು, ಅವರೂ ನಕ್ಕಿದ್ದರು. ಈಗ ಯಾರು ನಗುತ್ತಾರೆ, ಹಂದರದ ಕೆಳಗೆ ಇಷ್ಟು ಜನ, ಅಕ್ಕಿಕಾಳು ಬಿದ್ದಾಯಿತು, ನನ್ನ ಸುಮನ ಬಾಸಿಂಗದ ಕೆಳಗೆ ತಲೆ ಬಗ್ಗಿಸಿ ಕೂತಿದ್ದಾಳೆ, ಇನ್ನು ಉಳಿದದ್ದು ಆಯೇರಿ ಒಂದೇ, ಗಂಡಿನ ಅಪ್ಪ ಹೆಣ್ಣಿನ ಅಪ್ಪನ ತಲೆಗೆ ತನ್ನ ಕೈಯಾರೆ ರುಮಾಲು ಸುತ್ತಬೇಕು, ಆಮೇಲೆಯೇ ಹುಡುಗಿ ಗಂಡನ ಊರು ಗುಂಜೋಟಿಯ ಬಂಡಿ ಹತ್ತುವುದು. ಗುಲಾಬಿ ರುಮಾಲು ಪರಾತದಲ್ಲಿ ಮಡಿಕೆ ಬಿಚ್ಚದೆ ಕೂತಿದೆ. ಬಕ್ಕಪ್ಪನವರು ಮಾತುಕತೆಯ ದಿನವೇ ನನ್ನನ್ನು ಕರೆದು ಹೇಳಿದ್ದರು, ಅಕ್ಕಾ, ಸಿಟ್ಟಾಗಬ್ಯಾಡ್ರಿ, ನಮ್ಮ ಕೈಲೆ ರುಮಾಲ ಸುತ್ತಿಸ್ಕೊಳ್ಳದ ಮನಿಯಿಂದ ನಾವು ಹೆಣ್ಣ ಹ್ಯಾಂಗ ಒಯ್ಯೂದ್ರಿ, ನಾಕ ಮಂದಿ ಏನಂದಾರು. ಒಳ್ಳೆಯ ಮನುಷ್ಯ, ತಪ್ಪೇನೂ ಹೇಳಲಿಲ್ಲ. ಅದಕ್ಕೇ ನನಗೆ ಹೆದರಿಕೆ, ಇವರು ಬೇಡ ಅಂದರೆ ಬೀಗರು ಎದ್ದು ಹೋಗುತ್ತಾರೆ, ಮಗಳು ಬಾಸಿಂಗ ಬಿಚ್ಚಿಟ್ಟು ಮನೆಯೊಳಗೆ ಬರುತ್ತಾಳೆ.

ಪ್ರಾಂತ ಹಂಚುವ ಆಯೋಗ ಬರುತ್ತದೆ ಎಂದು ಗದ್ದಲವೆದ್ದ ವರ್ಷ, ಕಾಸಾರಶಿರಸಿಯ ಸಂತೆ, ಬಂಡಿಯ ಮೇಲೆ ನಿಂತು ಇವರು ರುಮಾಲು ಬಿಚ್ಚಿ ಕೆಳಗಿಟ್ಟರಂತೆ, ನಮ್ಮೂರು ಕನ್ನಡ ಪ್ರಾಂತಕ್ಕ ಹೋಗೂತನಕ ತಲಿಗೆ ಅರಿಬಿ ಸುತ್ತೂದಿಲ್ಲ ಅಂದರಂತೆ — ಮನೆಯೊಳಗೆ ಕನ್ನಡ, ಪೇಟೆಯಲ್ಲಿ ಮರಾಠಿ, ಕಚೇರಿಯಲ್ಲಿ ಉರ್ದು, ಹಾಗೆಯೇ ನಡೆದಿತ್ತಲ್ಲ, ಇವರಿಗೆ ಅದು ಸಾಕಾಗಲಿಲ್ಲ. ಸಂಜೆ ಬರಿದಲೆಯಲ್ಲಿ ಹೊಸ್ತಿಲ ಮುಂದೆ ಬಂದು ನಿಂತರು, ಬರಿದಲೆ ಅಂದರೆ ಮನೆಯಲ್ಲಿ ಯಾರೋ ಸತ್ತಂತೆ, ಆಮೇಲೆ ಎಷ್ಟು ಸಂತೆಗಳಲ್ಲಿ ಗುರುತಿಲ್ಲದವರು ಕೇಳಿದರೋ, ಯಾರ ತೀರಕೊಂಡ್ರು ಯಜಮಾನ್ರ ಅಂತ. ಯಾರೂ ಇಲ್ರಿ ಅನ್ನುವರು, ಮುಂದೆ ಹೋಗುವರು. ಊರಿಗೆ ಆಗ ಶಬ್ದಗಳ ಸುಗ್ಗಿ. ಅತ್ತೆ ಹಟಮಾರಿ ಅಂದರು, ಪಟವಾರಿ ದಿವಾನಾ, ಹುಚ್ಚ ಅಂದ, ಶಾಲೆಯ ಮಾಸ್ತರರು ನಗುತ್ತಲೇ ಕಟ್ಟರ್ ಮಾಣೂಸ ಅಂದರು, ಮಠದಯ್ಯನವರು ವ್ರತಸ್ಥ ಅಂತ ಕರೆದು ಅದೇ ತಿಂಗಳು ತಮ್ಮ ಮನೆಯ ಲಗ್ನದಲ್ಲಿ ಹಿಂದಿನ ಸಾಲಿನಲ್ಲಿ ಕೂರಿಸಿದರು, ಶುಭಕಾರ್ಯಕ್ಕೆ ಬರಿದಲೆ ಎದುರಿಗೆ ಬೇಡವೆಂದು. ಬೀದರಿನಿಂದ ಬಂದ ಕೋಟು ತೊಟ್ಟ ಮುಂದಾಳುಗಳು ನಮ್ಮ ಕಟ್ಟೆಯ ಮೇಲೆ ಕೂತು ಜೋಳದ ರೊಟ್ಟಿ ತಿಂದು, ನಿಷ್ಠಾವಂತ ಕಾರ್ಯಕರ್ತರು ಅಂತ ಹೂಮಾಲೆ ಹಾಕಿದರು. ಮುಂದೆ ಬೀದರ ಆ ಕಡೆ ಹೋಯಿತು, ನಮ್ಮ ನಿಲಂಗಾ ತಾಲೂಕು ಈ ಕಡೆ ಬಂತು, ನಮ್ಮ ಹೊಲದ ಬದುವಿನಿಂದ ಕಾಣುವ ಊರು ಮೈಸೂರು ಪ್ರಾಂತ, ನಾವು ಮುಂಬಯಿ ಪ್ರಾಂತ, ಮಾಲೆ ಹಾಕಿದವರು ತಮ್ಮ ಊರು ಸೇರಿಕೊಂಡು ಮತ್ತೆ ಈ ದಾರಿ ತುಳಿಯಲಿಲ್ಲ. ಆಗಲೂ ಇವರು ರುಮಾಲು ಸುತ್ತಲಿಲ್ಲ. ಇನ್ನು ಆ ಮಾತು ನಡೆಯಲಿಕ್ಕೆ ದಾರಿಯೇ ಇಲ್ಲ ಅಂತ ತಿಳಿದ ಮೇಲೂ. ನನಗೆ ಆಗ ಸಿಟ್ಟು ಬಂದಿತ್ತು, ಎರಡು ದಿನ ಮಾತು ಬಿಟ್ಟಿದ್ದೆ. ಊರ ಹುಡುಗರ ಬಾಯಲ್ಲಿ ಅವರು ಬರಿದಲೆಯವರು ಆದರು, ಗಂಡನ ಹೆಸರು ಹೇಳಬಾರದ ನನಗೆ ಅದೇ ಅನುಕೂಲವಾಯಿತು, ಯಾರ ಮನಿಯಾಕಿವಾ ನೀ ಅಂದರೆ ಬರಿದಲೆಯವರ ಮನಿಯಾಕಿ ಅನ್ನುತ್ತಿದ್ದೆ, ನಾಚಿಕೆಯೂ ಇರಲಿಲ್ಲ, ಹೆಮ್ಮೆ ಇತ್ತೇನೋ, ಗೊತ್ತಿಲ್ಲ. ಶಬ್ದ ಕೊಟ್ಟವರಿಗೆ ಆ ತಲೆಯ ಚರ್ಮ ಸುಲಿಯುವುದು ಗೊತ್ತಿರಲಿಲ್ಲ. ದಿನಾ ಕುಸುಬೆ ಎಣ್ಣೆ ಹಚ್ಚಿದವಳು ನಾನು, ಬೆರಳ ಕೆಳಗೆ ಆ ಬಿಳಿ ಪಟ್ಟಿ ಮೊದಲು ಕೆಂಪಾಯಿತು, ಆಮೇಲೆ ಸುಟ್ಟ ರೊಟ್ಟಿಯ ಬಣ್ಣ, ಆಮೇಲೆ ಹಣೆ ಯಾವುದು ಪಟ್ಟಿ ಯಾವುದು ತಿಳಿಯದ ಹಾಗೆ ಎಲ್ಲ ಒಂದೇ ಕಪ್ಪು.

ಇವತ್ತು ಬೆಳಿಗ್ಗೆ ಬಚ್ಚಲ ಹತ್ತಿರ ಕೇಳಿಯೇ ಬಿಟ್ಟೆ, ಸುಮನಳ ಸಲುವಾಗಿ ಒಂದ ದಿನ ಸುತ್ತಗೊಳ್ರಿ, ಇಷ್ಟು ವರ್ಷ ನಾ ಏನೂ ಕೇಳಿಲ್ಲ. ಅವರು ನನ್ನ ಮುಖ ನೋಡಲಿಲ್ಲ. ಮುಂದಿನ ತಿಂಗಳು ಒಂದನೇ ತಾರೀಖಿಗೆ ನಮ್ಮದು ಮಹಾರಾಷ್ಟ್ರ ರಾಜ್ಯವಂತೆ, ಅದಕ್ಕಾಗಿ ಶಾಲೆಯಲ್ಲಿ ಹುಡುಗರು ಹಾಡು ಕಲಿಯುವ ದನಿ ಗೋಡೆ ದಾಟಿ ಬರುತ್ತಿತ್ತು, ಅದನ್ನೇ ಕೇಳುತ್ತಾ ಕೂತರು, ಆಮೇಲೆ ತಲೆ ನನ್ನ ಕಡೆ ಬಗ್ಗಿಸಿ, ಎಣ್ಣಿ ಹಚ್ಚು, ಇವತ್ತ ಸ್ವಲ್ಪ ಜಾಸ್ತಿ ಹಚ್ಚು ಅಂದರು. ಅಷ್ಟೇ. ಹಚ್ಚಿದೆ. ಅದು ಒಪ್ಪಿಗೆಯೋ ಅಲ್ಲವೋ ಕೇಳಲಿಕ್ಕೆ ಧೈರ್ಯ ಬರಲಿಲ್ಲ.

ಅಯ್ಯನವರು ಕೂಗುತ್ತಿದ್ದಾರೆ, ಮನ್ಮಥಪ್ಪನವರೇ ಬರ್ರಿ, ಮುಂದ ಬರ್ರಿ — ಇವರ ಹೆಸರು ಕೇಳಿ ಎಷ್ಟು ದಿನವಾಯಿತು, ಯಾರನ್ನೋ ಕರೆದಂತಾಯಿತು, ಮಠದಯ್ಯನವರೇ ಮುಂದೆ ಕರೆಯುತ್ತಿದ್ದಾರೆ ನೋಡು, ಇವರು ಏಳುತ್ತಿದ್ದಾರೆ, ಜನ ದಾರಿ ಬಿಡುತ್ತಿದ್ದಾರೆ, ಬಕ್ಕಪ್ಪನವರ ಕೈಯಲ್ಲಿ ಗುಲಾಬಿ ಅರಿವೆ ಬಿಚ್ಚಿಕೊಳ್ಳುತ್ತಿದೆ, ಇವರು ನಿಂತರು, ನಿಂತೇ ಇದ್ದಾರೆ, ಬಗ್ಗುವುದಿಲ್ಲ, ದೇವರೇ, ಬಗ್ಗುವುದಿಲ್ಲ — ಬಗ್ಗಿದರು. ಬೆಳಿಗ್ಗೆ ನನ್ನ ಕಡೆ ಬಗ್ಗಿದಂತೆಯೇ, ಅಷ್ಟೇ ಮೆಲ್ಲಗೆ. ಒಂದು ಸುತ್ತು, ಇನ್ನೊಂದು ಸುತ್ತು, ನಾನು ಹಚ್ಚಿದ ಎಣ್ಣೆ ಅರಿವೆಗೆ ಹತ್ತುತ್ತಿದೆ, ಹಿಂದಿನಿಂದ ಯಾರೋ ಅಂದರು, ಈಗ ನೋಡ್ರಿ ಗೃಹಸ್ಥ ಕಂಡಂಗ ಕಂಡ್ರು. ಹೆಂಗಸರು ನನ್ನ ಭುಜ ತಟ್ಟುತ್ತಿದ್ದಾರೆ, ಸುಮನ ತಲೆಯೆತ್ತಿ ಅಪ್ಪನನ್ನು ನೋಡಿ ಅಳುತ್ತಿದ್ದಾಳೆ, ಮದುವೆ ಉಳಿಯಿತು, ನಾನೇ ಬೇಡಿದ್ದು, ಬೇಡಿದ್ದೇ ಸಿಕ್ಕಿತು — ನಾಳೆಯಿಂದ ಹುಡುಗರು ಏನಂತ ಕರೆಯುತ್ತಾರೆ, ನಾನು ಯಾರ ಮನಿಯಾಕಿ ಅಂತ ಹೇಳಲಿ. ಅವರು ತಲೆ ಎತ್ತಿ ಹೆಂಗಸರ ಸಾಲಿನಲ್ಲಿ ನನ್ನನ್ನು ಹುಡುಕುತ್ತಿದ್ದಾರೆ, ಸಿಕ್ಕೆ, ರುಮಾಲು ಬೇರೆಯವರು ಸುತ್ತಿದ್ದಲ್ಲವೇ, ಒಂದಿಷ್ಟು ಮೇಲೆ ಕೂತಿದೆ, ಅದರ ಕೆಳಗೆ ವಿಭೂತಿ, ವಿಭೂತಿಯ ಮೇಲೆ ಬಿಳಿ ಪಟ್ಟಿ ಇರಬೇಕಾದ ಕಡೆ ಕಪ್ಪು ಹಣೆ, ಎರಡು ಬೆರಳಗಲ, ಕಪ್ಪು, ಎರಡು ಬೆರಳಗಲ