ಎರಡನೇ ಕ್ಲಾಸಿಗೆ ಮಣ್ಣಿನ ಪಾಠ

ಚೀಟಿ ಬಂದದ್ದು ಸಣ್ಣಿಯ ಊಟದ ಡಬ್ಬಿಯ ಅಡಿಯಲ್ಲಿ, ನಾಲ್ಕು ಮಡಿಕೆಯಾಗಿ, ಒಂದು ಮೂಲೆ ಎಣ್ಣೆ ಹೀರಿಕೊಂಡು. ಅವಳ ಅಪ್ಪ ಅದನ್ನು ಮೇಜಿನ ಮೇಲಿಟ್ಟು ಅಂಗೈಯಿಂದ ಉಜ್ಜಿ ಸಪಾಟು ಮಾಡಿ ಓದಿದ. ಎಲೆ ಉದುರುವ ಈ ಎರಡು ತಿಂಗಳು, ಪ್ರತಿ ಶುಕ್ರವಾರ ಹತ್ತು ಗಂಟೆಗೆ, ಯಾವುದಾದರೊಂದು ಮಗುವಿನ ಮನೆಯವರು ಎರಡನೇ ಕ್ಲಾಸಿಗೆ ಬಂದು ಮುಕ್ಕಾಲು ಗಂಟೆ ಏನಾದರೂ ಕಲಿಸಬೇಕಂತೆ. ಈ ಕಾಲಕ್ಕೆ ಹೊಂದುವಂಥದ್ದು, ತಮಗೆ ಕೈ ಹತ್ತಿದ್ದು. ಕೆಳಗೆ ಮಿಸ್ಸಿನ ದುಂಡನೆಯ ಅಕ್ಷರದಲ್ಲಿ ಎರಡು ಸಾಲು: 'ತಾವು ತೋಟಗಾರರು ಎಂದು ಅರ್ಜಿಯಲ್ಲಿ ನೋಡಿದೆ. ಮುಂದಿನ ಶುಕ್ರವಾರ ಮಣ್ಣಿನ ಬಗ್ಗೆ ಹೇಳಿಕೊಡಲು ಬರಲಾದೀತೇ?'

"ನಾನು ಯಾವಾಗ ತೋಟಗಾರ ಆದೆ?" ಅಂದ.

ಹೆಂಡತಿ ಇಸ್ತ್ರಿಪೆಟ್ಟಿಗೆಯಿಂದ ತಲೆ ಎತ್ತಲಿಲ್ಲ. ಹಗಲಿಡೀ ಲಾಂಡ್ರಿಯಲ್ಲಿ ಹೋಟೆಲಿನವರ ಹಾಸುಬಟ್ಟೆಗಳಿಗೆ ಇಸ್ತ್ರಿ ಹಾಕಿ ಬಂದು, ಮನೆಯಲ್ಲಿ ಮತ್ತೆ ಮಗಳ ಅಂಗಿ ಹಿಡಿದು ನಿಂತಿದ್ದಳು.

"ಅರ್ಜಿ ತುಂಬಿದ್ದು ನಾನು. ನೀವು ಹುಲ್ಲು ಕೊಯ್ಯಲ್ವಾ? ಬೇಲಿ ಸವರಲ್ವಾ? ಎಲೆ ಗುಡಿಸಲ್ವಾ? ಮತ್ತೆ ಅದಕ್ಕೇನಂತಾರೆ?"

"ಅದನ್ನೂ ಮಾಡ್ತೀನಿ, ಸರಿ."

ಆ 'ಅದನ್ನೂ' ಅನ್ನುವುದರಲ್ಲೇ ಎಲ್ಲ ಇತ್ತು. ಹದಿನೇಳು ವರ್ಷದಿಂದ ಅವನು ಊರಾಚೆಯ ಸ್ಮಶಾನದಲ್ಲಿ ಗುಂಡಿ ತೋಡುವ ಕೆಲಸದಲ್ಲಿದ್ದ. ಆರಡಿ ಮೇಲೆ ಇನ್ನೊಂದು ಗೇಣು ಎತ್ತರ, ಹಾಗಾಗಿ ಜೊತೆಯವರು ಉದ್ದಣ್ಣ ಅಂತಿದ್ದರು. ಗುಂಡಿಯ ಆಳ ನೋಡೋಕೆ ಟೇಪು ಯಾಕೆ, ಉದ್ದಣ್ಣನನ್ನೇ ಇಳಿಸಿದರಾಯಿತು ಅನ್ನುವುದು ಅಲ್ಲಿಯ ಹಳೇ ತಮಾಷೆ. ಕೆಲಸದ ಬಗ್ಗೆ ಅವನಿಗೆ ನಾಚಿಕೆಯೇನೂ ಇರಲಿಲ್ಲ. ಆದರೆ ದೊಡ್ಡ ಮಗಳು ಹಿಂದಿನ ಶಾಲೆಯಲ್ಲಿದ್ದಾಗ ಒಂದಿಡೀ ವರ್ಷ ಅವಳ ಪಕ್ಕ ಯಾರೂ ಕೂತಿರಲಿಲ್ಲ. ಅವಳು ಕೊಟ್ಟ ರಬ್ಬರನ್ನು ಹುಡುಗಿಯೊಬ್ಬಳು ಕರ್ಚೀಫಿನಲ್ಲಿ ಹಿಡಿದು ಇಸಕೊಂಡಿದ್ದಳಂತೆ. ಅದು ಅವನಿಗೆ ಗೊತ್ತಾಗಿದ್ದೇ ವರ್ಷ ಮುಗಿದ ಮೇಲೆ. ಹೆಂಡತಿಗೆ ಮೊದಲಿನಿಂದಲೂ ಗೊತ್ತಿತ್ತು. ಸಣ್ಣಿಯನ್ನು ಬೇರೆ ಶಾಲೆಗೆ ಸೇರಿಸುವಾಗ ಅವಳು ಯಾರನ್ನೂ ಕೇಳದೆ 'ತೋಟಗಾರ' ಅಂತ ಬರೆದಿದ್ದಳು.

"ಹೋಗಿ ಮಣ್ಣಿನ ವಿಷಯ ಹೇಳಿ ಬನ್ನಿ. ಎಲ್ಲ ಕಡೆ ಇರೋದೂ ಅದೇ ಮಣ್ಣು ತಾನೆ," ಅಂದಳು.

ಸಣ್ಣಿ ನೆಲದ ಮೇಲೆ ಕೂತು ಎಲೆಗಳನ್ನು ನೋಟುಬುಕ್ಕಿಗೆ ಅಂಟಿಸುತ್ತಿದ್ದಳು. ಹೋದ ಶುಕ್ರವಾರ ಒಬ್ಬಳ ಅಮ್ಮ ಬಂದಿದ್ದರಂತೆ, ಬಸ್ ಡ್ರೈವರು. ಒದ್ದೆ ಎಲೆಯ ಮೇಲೆ ಬ್ರೇಕ್ ಒತ್ತಿದರೆ ಬಸ್ಸು ಎಷ್ಟು ದೂರ ಜಾರುತ್ತೆ ಅಂತ ಕಾರಿಡಾರಿನಲ್ಲಿ ಮಕ್ಕಳನ್ನೇ ಚಕ್ರ ಮಾಡಿ ತೋರಿಸಿದ್ದರಂತೆ. ಅದಕ್ಕೂ ಮುಂಚೆ ಒಬ್ಬರ ಅಜ್ಜಿ ಬಂದು ಇಡೀ ಕ್ಲಾಸಿಗೆ ಉಣ್ಣೆಯಲ್ಲಿ ಗಂಟು ಹಾಕುವುದು ಕಲಿಸಿ, ಆ ಗಂಟುಗಳನ್ನು ಬಿಡಿಸಲಾಗದೆ ತಾವೇ ಸುಸ್ತಾಗಿ ಹೋದರಂತೆ.

"ನೀನೇನು ತೋರಿಸ್ತೀಯಪ್ಪಾ?"

"ಒಂದು ಗುಂಡಿ ತೋಡ್ತೀನಿ."

ಇಸ್ತ್ರಿಪೆಟ್ಟಿಗೆ ಅಲ್ಲೇ ನಿಂತಿತು.

"ಸಣ್ಣದು," ಅಂದ. "ಮೂರಡಿ."

ಶುಕ್ರವಾರ ಅವನು ಸಲಿಕೆ, ಗುದ್ದಲಿಗಳನ್ನು ತೊಳೆದು ಒರೆಸಿ, ಗೋಣಿಚೀಲದಲ್ಲಿ ಸುತ್ತಿಕೊಂಡು ಶಾಲೆಗೆ ಹೋದ. ಮಿಸ್ಸು ಅವನು ಅಂದುಕೊಂಡದ್ದಕ್ಕಿಂತ ಚಿಕ್ಕವರು. ದೊಡ್ಡ ಮಗಳಿಗಿಂತ ಏಳೆಂಟು ವರ್ಷ ಹೆಚ್ಚಿದ್ದಾರು ಅಷ್ಟೆ. ಹಿಂದಿನ ಕಾಂಪೌಂಡಿನ ಹತ್ತಿರ ಜಾಗ ತೋರಿಸಿದರು. ಇಪ್ಪತ್ತೆರಡು ಮಕ್ಕಳನ್ನು ಅವನು ನೆಲಕ್ಕೆ ಹಾಸಿದ ಹಗ್ಗದ ಆಚೆ ನಿಲ್ಲಿಸಿದ.

"ಈ ಹಗ್ಗ ದಾಟಿದವರಿಗೆ ಸಲಿಕೆ ಕೊಟ್ಟುಬಿಡ್ತೀನಿ, ಅವರೇ ತೋಡಬೇಕು," ಅಂದ. ತಕ್ಷಣ ಹತ್ತು ಜನ ದಾಟಿದರು. ಈ ಬೆದರಿಕೆ ನಡೆಯಲ್ಲ ಅಂತ ಅವನಿಗೆ ಆಗ ಗೊತ್ತಾಯಿತು.

ಮೊದಲು ಹುಲ್ಲನ್ನು ಬೇರುಸಮೇತ ಚೌಕಚೌಕವಾಗಿ ಕೊಯ್ದು, ತೆಗೆದ ಕ್ರಮದಲ್ಲೇ ಪಕ್ಕಕ್ಕೆ ಜೋಡಿಸಿದ. ಯಾಕೆ ಅಂತ ಒಬ್ಬಳು ಕೇಳಿದಳು. "ಕೆಲಸ ಮುಗಿದ ಮೇಲೆ ಇಲ್ಲಿ ಯಾರೂ ತೋಡಿಯೇ ಇಲ್ಲವೇನೋ ಅನ್ನೋ ಹಾಗೆ ಕಾಣಬೇಕು. ಅದೇ ಒಳ್ಳೇ ಕೆಲಸದ ಗುರುತು," ಅಂದ. ಆಮೇಲೆ ಸಲಿಕೆ ಊರಿ ಅಂಚನ್ನು ನೇರವಾಗಿ ಇಳಿಸುತ್ತ ಹೋದ. ಅಷ್ಟು ಹೊತ್ತು ಗಲಗಲ ಅನ್ನುತ್ತಿದ್ದ ಮಕ್ಕಳು ಒಬ್ಬೊಬ್ಬರಾಗಿ ಸುಮ್ಮನಾದರು. ಕೈ ಪಳಗಿದವರು ಕೆಲಸ ಮಾಡುವುದನ್ನು ನೋಡುವಾಗ ಮಕ್ಕಳಿಗೂ ಮಾತು ಬೇಡವಾಗುತ್ತದೆ.

ಅರ್ಧ ಗಂಟೆಯೊಳಗೆ ಮೂರಡಿ ಆಳದ ಗುಂಡಿ ಸಿದ್ಧವಾಯಿತು. ಗೋಡೆ ಚಾಕುವಿನಿಂದ ಕತ್ತರಿಸಿದ ಹಾಗಿತ್ತು. ನಾಲ್ಕು ನಾಲ್ಕು ಜನರನ್ನು ಕರೆದು ತೋರಿಸಿದ. ಮೇಲೆ ಈ ವರ್ಷದ ಎಲೆ, ಇನ್ನೂ ಎಲೆಯಾಗಿಯೇ ಇದೆ. ಅದರ ಕೆಳಗೆ ಹೋದ ವರ್ಷದ್ದು, ಬರೀ ನರ ಉಳಿದಿದೆ. ಅದರ ಕೆಳಗೆ ಕಪ್ಪು ಮಣ್ಣು. ಅದೂ ಒಂದು ಕಾಲಕ್ಕೆ ಎಲೆಯೇ. ಅದಕ್ಕೂ ಕೆಳಗೆ ಕೆಂಪು ಜೇಡಿ, ಅಂಗೈಯಲ್ಲಿ ಉಂಡೆ ಮಾಡಿದರೆ ಹಾಗೇ ನಿಲ್ಲುತ್ತದೆ. ಎರಡು ಎರೆಹುಳುಗಳೂ ಸಿಕ್ಕವು. ಸಣ್ಣಿ ಅವನ್ನು ಅಂಗೈ ಮೇಲೆ ಇಟ್ಟುಕೊಂಡು ಮನೆಗೆ ಬಂದ ನೆಂಟರನ್ನು ಪರಿಚಯ ಮಾಡಿಸುವ ಹಾಗೆ ಎಲ್ಲರಿಗೂ ತೋರಿಸುತ್ತ ಓಡಾಡಿದಳು.

ಆಗಲೇ ಆ ಹುಡುಗಿ ಬಾಯಿ ಬಿಟ್ಟದ್ದು. ಮುಖ್ಯರಸ್ತೆಯ ಔಷಧಿ ಅಂಗಡಿಯವರ ಮಗಳು. ಬಂದಾಗಿನಿಂದ ಹಗ್ಗದ ಹಿಂದೆಯೇ ನಿಂತು ಅವನ ಮುಖವನ್ನೇ ನೋಡುತ್ತಿದ್ದಳು.

"ನಮ್ಮಜ್ಜಿಗೆ ಗುಂಡಿ ತೋಡಿದ್ದು ನೀವೇ ಅಲ್ವಾ?"

ಮಿಸ್ಸು ಅವನನ್ನು ನೋಡಿದರು. ಸಣ್ಣಿ ಎರೆಹುಳುವನ್ನು ಬಿಟ್ಟು ಅವನನ್ನು ನೋಡಿದಳು. ಅಲ್ಲಮ್ಮಾ, ನನ್ನ ಹಾಗೇ ಇರೋ ಇನ್ಯಾರೋ ಅಂದುಬಿಡಬಹುದಿತ್ತು. ನಾಲಗೆಯ ತುದಿಗೂ ಬಂತು. ಆದರೆ ಮಗುವಿನ ಕಣ್ಣಲ್ಲಿ ಅನುಮಾನ ಒಂದಿಷ್ಟೂ ಇರಲಿಲ್ಲ. ಅವಳಿಗೆ ಉತ್ತರ ಗೊತ್ತಿತ್ತು. ಇವನು ಹೇಳ್ತಾನೋ ಇಲ್ಲವೋ ಅಂತ ಕಾಯುತ್ತಿದ್ದಳು ಅಷ್ಟೆ.

"ಹೌದಮ್ಮಾ, ನಾನೇ," ಅಂದ.

"ಇಷ್ಟೇ ಆಳ ಇತ್ತಾ?"

"ಇದರ ಎರಡರಷ್ಟು. ನಾನು ಒಳಗೆ ನಿಂತ್ರೆ ತಲೆ ಮಾತ್ರ ಕಾಣ್ತಿತ್ತು."

"ಅಲ್ಲೂ ಕೆಂಪು ಮಣ್ಣಾ?"

"ಮೇಲೆ ಕಪ್ಪು, ಕೆಳಗೆ ಕೆಂಪು. ಏಳನೇ ಸಾಲು, ಗೋಡೆ ಪಕ್ಕ. ಒಳ್ಳೇ ಜಾಗ, ನೀರು ನಿಲ್ಲಲ್ಲ. ಬೇಸಿಗೆ ಕೊನೆ ಅಲ್ವಾ, ನೆಲ ಕಲ್ಲಾಗಿತ್ತು. ಹಾರೆ ಹಾಕಬೇಕಾಯ್ತು. ಒಂದು ದಿನ ಹಿಡೀತು."

"ಈಗ ಅಜ್ಜಿಗೆ ಚಳಿ ಆಗುತ್ತಾ?"

"ಇಲ್ಲ. ಚಳಿ ಆಗೋದು ಬದುಕಿರೋರಿಗೆ. ಸತ್ತವರಿಗೆ ಚಳಿನೂ ಇಲ್ಲ, ನೋವೂ ಇಲ್ಲ." ಸಲಿಕೆ ಪಕ್ಕಕ್ಕಿಟ್ಟು, "ಆದ್ರೂ ಬಾ ಇಲ್ಲಿ, ಒಂದು ತೋರಿಸ್ತೀನಿ. ಮೇಲಿನ ಮಣ್ಣು ಮುಟ್ಟು. ಹೇಗಿದೆ?"

"ತಣ್ಣಗೆ."

ಅವಳನ್ನು ಎತ್ತಿ ಗುಂಡಿಯೊಳಗೆ ಇಳಿಸಿದ. "ಈಗ ತಳದ ಗೋಡೆಗೆ ಕೈ ಒತ್ತು."

"ಅಷ್ಟು ತಣ್ಣಗಿಲ್ಲ," ಅಂದಳು. ಆಮೇಲೆ, "ಬೆಚ್ಚಗಿದೆ!"

"ಬೇಸಿಗೆ ಬಿಸಿಲು ನಿಧಾನಕ್ಕೆ ಕೆಳಗೆ ಇಳೀತಾ ಇರುತ್ತೆ. ಮೇಲೆ ಚಳಿ ಶುರುವಾದ್ರೂ ಕೆಳಗೆ ಅದು ಇನ್ನೂ ಉಳಿದಿರುತ್ತೆ."

ಆಮೇಲೆ ಹಗ್ಗಕ್ಕೆ ಅರ್ಥವೇ ಉಳಿಯಲಿಲ್ಲ. ಎಲ್ಲರೂ ಇಳಿಯಬೇಕು, ಎಲ್ಲರೂ ಕೈ ಒತ್ತಬೇಕು, ಎಲ್ಲರಿಗೂ ಒಂದೊಂದು ಪ್ರಶ್ನೆ. ನಿಮಗೆ ಭಯ ಆಗಲ್ವಾ? ಮಳೆಯಲ್ಲಿ ಆಗುತ್ತೆ, ಪಕ್ಕದ ಗೋಡೆ ಕುಸಿದುಬಿಟ್ಟರೆ ಅಂತ. ಹಲಗೆ ಕೊಟ್ಟು ನಿಲ್ಲಿಸಿಕೊಳ್ತೀವಿ. ಅಳು ಬರುತ್ತಾ? ಗುಂಡಿ ಚಿಕ್ಕದಾಗಿದ್ದಾಗ ಬರುತ್ತೆ. ದೆವ್ವ ಇದೆಯಾ?

"ಹದಿನೇಳು ವರ್ಷದಲ್ಲಿ ಒಂದೂ ಸಿಕ್ಕಿಲ್ಲ. ಅವುಗಳದ್ದು ಬೇರೆ ಶಿಫ್ಟ್ ಇರಬೇಕು."

ಮಕ್ಕಳು ಬಿದ್ದು ಬಿದ್ದು ನಕ್ಕರು. ಮಿಸ್ಸೂ ನಕ್ಕರು. ಮಣ್ಣು ತುಂಬಿ, ತುಳಿದು, ಹುಲ್ಲಿನ ಚೌಕಗಳನ್ನು ಮತ್ತೆ ಕೂರಿಸಿ ಅವನು ಹೊರಟ. ಕೆಲಸ ಚೆನ್ನಾಗಿಯೇ ಆಯಿತು ಅನ್ನಿಸಿತ್ತು.

ಹೆಂಡತಿಗೆ ಸುದ್ದಿ ಅವನು ಹೇಳುವ ಮುಂಚೆಯೇ ಸಣ್ಣಿಯಿಂದ ಮುಟ್ಟಿತ್ತು. ಅವಳು ಕೂಗಾಡಲಿಲ್ಲ; ಕೂಗಾಡಿದ್ದರೆ ವಾಸಿಯಿತ್ತು. "ಒಂದು 'ಇಲ್ಲ' ಅನ್ನೋಕೆ ನಿಮಗೇನು ಗಂಟು ಹೋಗ್ತಿತ್ತು?" ಅಂದವಳು ಆ ಶನಿವಾರ, ಭಾನುವಾರ ಎರಡು ದಿನ ತಟ್ಟೆ ಇಡುವಾಗ ಸದ್ದು ಮಾಡಿದ್ದು ಬಿಟ್ಟರೆ ಮಾತಾಡಲಿಲ್ಲ.

ಸೋಮವಾರ ಶಾಲೆಯಿಂದ ಫೋನು ಬಂತು. ಪೋಷಕರೊಬ್ಬರು ದೂರು ಕೊಟ್ಟಿದ್ದಾರೆ, ನಾಳೆ ಬೆಳಗ್ಗೆ ಬಂದು ಹೋಗಿ ಅಂದರು ಹೆಡ್‌ಮೇಡಂ. ಹೆಂಡತಿ ಲಾಂಡ್ರಿಗೆ ರಜೆ ಹೇಳಿ ಜೊತೆಗೆ ಹೊರಟಳು. "ಬರೆದವಳು ನಾನು. ನೀವೊಬ್ಬರೇ ಹೋಗಿ ಬೈಸಿಕೊಳ್ಳೋದು ಬೇಡ."

ಆಫೀಸ್ ರೂಮಿನಲ್ಲಿ ಹೆಡ್‌ಮೇಡಂ, ಮಿಸ್ಸು, ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬ ತಂದೆ, ಮತ್ತೆ ಔಷಧಿ ಅಂಗಡಿಯಾಕೆ. ಆಕೆಯನ್ನು ಕಂಡಾಗ ಅವನಿಗೆ ಕುರ್ಚಿಯಲ್ಲಿ ಸರಿಯಾಗಿ ಕೂರಲೂ ಆಗಲಿಲ್ಲ. ಮೊಣಕಾಲು ಎಲ್ಲಿಡುವುದು ಅಂತಲೇ ತಿಳಿಯಲಿಲ್ಲ.

"ನನ್ನ ಮಗಳು ನಾಲ್ಕು ರಾತ್ರಿ ಲೈಟ್ ಆರಿಸೋಕೆ ಬಿಟ್ಟಿಲ್ಲ," ಅಂದರು ಬ್ಯಾಂಕಿನವರು. "ಎಲೆ ಬಗ್ಗೆ ಪಾಠ ಅಂತ ಕಳಿಸಿದ್ರೆ ಹೆಣದ ಬಗ್ಗೆ ಕೇಳ್ಕೊಂಡು ಬಂದಿದಾಳೆ. ಅದೂ ಸುಳ್ಳು ಹೇಳಿ ಒಳಗೆ ಬಂದವರಿಂದ."

"ಸುಳ್ಳು ಬರೆದಿದ್ದು ನಾನು, ಸಾರ್," ಅಂದಳು ಹೆಂಡತಿ. ಕೈಚೀಲವನ್ನು ಮಡಿಲಲ್ಲಿ ಒತ್ತಿ ಹಿಡಿದಿದ್ದಳು. "ನಮ್ಮ ದೊಡ್ಡವಳು ಒಂದು ವರ್ಷ ಬೆಂಚಲ್ಲಿ ಒಬ್ಬಳೇ ಕೂತಿದ್ದಳು. ಅವಳ ಅಪ್ಪನ ಕೆಲಸ ಗೊತ್ತಾಗಿ. ಇವಳಿಗೂ ಹಾಗಾಗಬಾರದು ಅಂತ ಬರೆದೆ. ನೀವಾಗಿದ್ರೆ ಏನು ಮಾಡ್ತಿದ್ರಿ, ಹೇಳಿ."

ಮಿಸ್ಸು ಬಾಯಿ ಹಾಕಿದರು: "ಮೇಡಂ, ನಾನು ಪಕ್ಕದಲ್ಲೇ ಇದ್ದೆ. ನಿಲ್ಲಿಸಬಹುದಿತ್ತು. ನಿಲ್ಲಿಸಬೇಕು ಅನ್ನಿಸಲಿಲ್ಲ. ತಪ್ಪಿದ್ರೆ ಅರ್ಧ ನಂದು."

ಅವನು ಬ್ಯಾಂಕಿನವರ ಕಡೆಗೇ ತಿರುಗಿದ. "ನಿಮ್ಮ ಮಗು ಹೆದರಿದ್ದಕ್ಕೆ ಬೇಜಾರಿದೆ ಸಾರ್. ಎಲ್ಲ ಮಕ್ಕಳೂ ನಗ್ತಿದ್ರು, ಒಂದು ಮಗು ನಗ್ತಿಲ್ಲ ಅನ್ನೋದನ್ನ ನಾನು ನೋಡಲಿಲ್ಲ. ನೋಡಬೇಕಿತ್ತು." ಅದು ಬಾಯಿಮಾತಿಗೆ ಹೇಳಿದ್ದಲ್ಲ. ಅವನಿಗೆ ಆ ಮಗುವಿನ ಮುಖ ಎಷ್ಟು ಯೋಚಿಸಿದರೂ ನೆನಪಾಗುತ್ತಿರಲಿಲ್ಲ, ಅದೇ ಅವನನ್ನು ಕೊರೆಯುತ್ತಿತ್ತು.

ಹೆಡ್‌ಮೇಡಂ ಔಷಧಿ ಅಂಗಡಿಯಾಕೆಯ ಕಡೆ ನೋಡಿ, "ನಿಮ್ಮದೂ ದೂರೇನಾ..." ಅಂದರು.

"ನಾನು ದೂರು ಕೊಡೋಕೆ ಬಂದಿಲ್ಲ. ಇವರು ಬರ್ತಾರೆ ಅಂತ ಗೊತ್ತಾಗಿ ಬಂದೆ," ಅಂದರು ಆಕೆ. ನಿಧಾನಕ್ಕೆ, ಒಂದೊಂದೇ ಮಾತು ಹುಡುಕಿ ಹೇಳಿದರು. "ನಾನು ದಿನವಿಡೀ ಅಂಗಡಿಯಲ್ಲಿ. ಮಗಳನ್ನು ಸಾಕಿದ್ದೇ ನಮ್ಮಮ್ಮ. ಅಮ್ಮ ಹೋದ ಮೇಲೆ ಮಗಳು ಮನೆಯಲ್ಲಿ ಅಜ್ಜಿ ಅನ್ನೋ ಮಾತೇ ಎತ್ತಿಲ್ಲ. ನಾನೂ ಎತ್ತಿಲ್ಲ. ಅವಳು ಅಳ್ತಾಳೆ ಅಂತ ನಾನು, ನಾನು ಅಳ್ತೀನಿ ಅಂತ ಅವಳು. ಶುಕ್ರವಾರ ಬಂದವಳೇ ಚೀಲ ಇಳಿಸೋಕೂ ಮುಂಚೆ, ಅಜ್ಜಿ ಇರೋ ಕಡೆ ಕೆಂಪು ಮಣ್ಣಂತೆ ಅಮ್ಮಾ, ನೀರು ನಿಲ್ಲಲ್ವಂತೆ ಅಂದಳು. ಅವತ್ತು ಮಲಗೋವರೆಗೂ ಇಬ್ಬರೂ ಅದನ್ನೇ ಮಾತಾಡಿದ್ವಿ." ಆಮೇಲೆ ಅವನ ಕಡೆ ತಿರುಗಿದರು. "ಏಳನೇ ಸಾಲು ಅಂದ್ರಂತೆ. ಆ ದಿನ ನಾನು ಎಲ್ಲಿ ನಿಂತಿದ್ದೆ ಅಂತಾನೇ ನೆನಪಿಲ್ಲ ನನಗೆ. ಆಮೇಲೆ ಹೋಗೋಕೂ ಧೈರ್ಯ ಬಂದಿಲ್ಲ. ಒಂದ್ಸಲ ತೋರಿಸ್ತೀರಾ?"

"ಭಾನುವಾರ ಬನ್ನಿ ಅಕ್ಕಾ," ಅಂದ. "ಗೇಟಿನ ಹತ್ತಿರ ಇರ್ತೀನಿ."

ಮುಂದೆ ಬರುವವರು ಏನು ಹೇಳಿಕೊಡುತ್ತಾರೆ ಅನ್ನುವುದನ್ನು ಎರಡು ದಿನ ಮೊದಲೇ ಮನೆಮನೆಗೆ ಬರೆದು ಕಳಿಸಬೇಕು ಅಂತ ಹೆಡ್‌ಮೇಡಂ ತೀರ್ಮಾನ ಮಾಡಿದರು. ಅದು ನ್ಯಾಯವೇ. ಬ್ಯಾಂಕಿನವರು ಕೈ ಮುಗಿಯದೆ, ಜಗಳವನ್ನೂ ಮುಂದುವರಿಸದೆ ಎದ್ದು ಹೋದರು. ಅವರ ಮಗಳು ಸಣ್ಣಿಯ ಗೆಳತಿಯಾಗಿದ್ದಳು; ಚಳಿಗಾಲ ಮುಗಿಯುವವರೆಗೂ ಮನೆಗೆ ಆಡಲು ಬರಲಿಲ್ಲ. ಆದರೆ ಕ್ಲಾಸಿನಲ್ಲಿ ಸಣ್ಣಿಯ ಪಕ್ಕದ ಜಾಗ ಖಾಲಿ ಬೀಳಲಿಲ್ಲ.

ಭಾನುವಾರ ತಾಯಿ ಮಗಳು ಹೇಳಿದ ಹೊತ್ತಿಗೆ ಬಂದರು. ಸಣ್ಣಿಯೂ ಬಂದಿದ್ದಳು, ಅವಳ ಅಮ್ಮನೂ. ಹದಿನೇಳು ವರ್ಷದಲ್ಲಿ ಗಂಡನ ಕೆಲಸದ ಜಾಗದೊಳಗೆ ಅವಳು ಕಾಲಿಟ್ಟದ್ದು ಅದೇ ಮೊದಲು. ಏಳನೇ ಸಾಲಿನುದ್ದಕ್ಕೂ ಹಳದಿ ಎಲೆ ಮೊಣಕಾಲಿನ ಅರ್ಧ ಎತ್ತರಕ್ಕೆ ಬಿದ್ದಿತ್ತು. ಗೋಡೆಯ ಪಕ್ಕದ ಸಮಾಧಿ ಪೂರ್ತಿ ಮುಚ್ಚಿಹೋಗಿತ್ತು. ಔಷಧಿ ಅಂಗಡಿಯಾಕೆ ಅಲ್ಲಿ ನಿಂತು ಸದ್ದಿಲ್ಲದೆ ಅತ್ತರು. ಯಾರೂ ಸಮಾಧಾನ ಮಾಡಲು ಹೋಗಲಿಲ್ಲ. ಸಣ್ಣಿಯ ಅಮ್ಮ ಮಾತ್ರ ಪಕ್ಕಕ್ಕೆ ಹೋಗಿ ನಿಂತು, ಆಕೆಯ ಭುಜದಿಂದ ಜಾರುತ್ತಿದ್ದ ಚೀಲವನ್ನು ತಾನು ಇಸಕೊಂಡಳು.

"ಎಲೆ ತೆಗೆದುಬಿಡಲಾ?" ಅಂತ ಉದ್ದಣ್ಣ ಆ ಹುಡುಗಿಯನ್ನು ಕೇಳಿದ.

ಅವಳು ಬಗ್ಗಿ ಒಂದು ಹಿಡಿ ಎಲೆ ಎತ್ತಿ, ಅಡಿಯಲ್ಲಿ ಏನಿದೆ ಅಂತ ನೋಡಿದಳು. "ಅರ್ಧ ಸಾಕು," ಅಂದಳು. "ಅರ್ಧ ಮಣ್ಣಾಗಲಿ."

ಅವನು ಹೋಗಿ ಎರಡು ಕಡ್ಡಿ ಪೊರಕೆ ತಂದು ಇಬ್ಬರು ಹುಡುಗಿಯರಿಗೂ ಕೊಟ್ಟ. ಮೂರು ಗಂಟೆಗೆ ಹನ್ನೊಂದನೇ ಸಾಲಿನಲ್ಲಿ ಒಂದು ಕೆಲಸವಿತ್ತು. ಅದರ ಅಂಚು ಇನ್ನೂ ನೇರ ಮಾಡುವುದು ಬಾಕಿ ಇತ್ತು. ಸಲಿಕೆ ಹೆಗಲಿಗೇರಿಸಿಕೊಂಡು ಆ ಕಡೆ ನಡೆದ.