ಖಾಲಿ ಬಂದ ಡಬ್ಬಿ

ನೆರೆಮನೆಯಿಂದ ತುಂಬಿ ಬಂದ ಡಬ್ಬಿಯನ್ನು ಖಾಲಿ ಹಿಂತಿರುಗಿಸಬಾರದು, ಒಂದು ಚಿಟಿಕೆ ಸಕ್ಕರೆಯಾದರೂ ಇರಬೇಕು. ಸೇಡಂನ ಆ ಓಣಿಯಲ್ಲಿ ಇದನ್ನು ಯಾರಿಗೂ ಕಲಿಸಬೇಕಿಲ್ಲ. ಆದರೆ ಶಿವಕಾಂತಮ್ಮ ಶೇಂಗಾ ಹೋಳಿಗೆ ತುಂಬಿ ಪಕ್ಕದ ಮನೆಯ ಶಾರದಾಬಾಯಿಗೆ ಕೊಟ್ಟ ಡಬ್ಬಿ, ಮರುದಿನ ಚೀಲವೊಂದರಲ್ಲಿ ಕೊಟ್ಟವಳ ಗೇಟಿಗೇ ತೂಗುತ್ತಿತ್ತು. ತೊಳೆದು ಒರೆಸಿದ್ದರು. ಒಳಗೆ ಏನೂ ಇರಲಿಲ್ಲ.

ಅಂದಿನಿಂದ ಶಿವಕಾಂತಮ್ಮನ ತಲೆಯಲ್ಲಿ ಗಿರಣಿ ಶುರುವಾಯಿತು. ಹೋಳಿಗೆ ಗಟ್ಟಿಯಾಗಿತ್ತೇ? ಹೋದ ವರ್ಷ ಶಾರದಾಬಾಯಿಯ ಮಗಳು ಪ್ರಮಿತಾಳ ಮದುವೆಯಲ್ಲಿ ತಾನು ಊಟಕ್ಕೆ ನಿಲ್ಲದೆ ಬಂದದ್ದು ಮನಸ್ಸಿಗೆ ಹತ್ತಿತೇ? ಇಪ್ಪತ್ತು ವರ್ಷದ ಗೆಳೆತನ ಹೀಗೇ ಮುಗಿಯಿತೇ? ಪಕ್ಕದ ಮನೆಯ ಬಾಗಿಲು ಮುಚ್ಚಿಯೇ ಇರುತ್ತಿತ್ತು. ತನ್ನ ಮುಖ ನೋಡಬಾರದೆಂದೇ ಮುಚ್ಚಿದ್ದಾಳೆ ಎಂದುಕೊಂಡಳು. ಆ ಮೌನಕ್ಕೆ ತಾನೇ ಮಾತು ಕೊಡುತ್ತ ಹೋದಳು. ಎಲ್ಲವೂ ಕೆಟ್ಟ ಮಾತುಗಳೇ.

ಹನ್ನೆರಡು ದಿನ ಕಳೆದವು. ನಿದ್ದೆ ಹೋಯಿತು. ತಟ್ಟೆಯಲ್ಲಿ ರೊಟ್ಟಿ ಅರ್ಧಕ್ಕೇ ಉಳಿಯುತ್ತಿತ್ತು.

"ಡಬ್ಬಿ ಖಾಲಿ ಬಂತಂತ ತಲಿ ತುಂಬಿಸ್ಕೊಂಡು ಕುಂತಾಳ ನೋಡ್ರಿ. ನಿನ್ನೆ ಬ್ಯಾಳಿಗೆ ಎರಡು ಸಲ ಉಪ್ಪು ಹಾಕ್ಯಾಳ," ಎಂದು ಗಂಡ ಖಂಡೆಪ್ಪ ಆಶಾ ಕಾರ್ಯಕರ್ತೆ ಉಮಾದೇವಿಯ ಮುಂದೆ ನಕ್ಕ.

ಶಿವಕಾಂತಮ್ಮನ ಬಿಪಿ ನೋಡುತ್ತಿದ್ದ ಉಮಾದೇವಿ ನಗಲಿಲ್ಲ.

"ಅಕ್ಕಾ, ಗುಳಿಗಿ ತಪ್ಪಿಸೀರೇನು?"

"ಇಲ್ಲವ್ವಾ, ದಿನಾ ನುಂಗಾಕತ್ತೀನಿ."

"ಆದ್ರೂ ನೂರಾ ಎಪ್ಪತ್ತು ಅದ. ಹೋದ ತಿಂಗಳು ನೂರಾ ಮೂವತ್ತಿತ್ತು. ಹಿಂಗ ನಿದ್ದಿ ಬಿಟ್ಟು ಚಿಂತಿ ಮಾಡಿದ್ರ ಗುಳಿಗಿ ಒಂದೇ ಏನ್ ಮಾಡ್ತದ? ನಾಳೆ ಲಕ್ವಾ ಹೊಡದ್ರ?"

"ತಲ್ಯಾಗಿನ ಮಾತು ತಲ್ಯಾಗ ಇರ್ತದ ತಗೋ. ಮೈಗೇನ್ ಮಾಡ್ತದ?"

"ತಲ್ಯಾಗ ಇರಲ್ಲಕ್ಕಾ. ಎದಿಗೆ, ಹೊಟ್ಟಿಗೆ ಇಳೀತದ. ಶಾರದಾಬಾಯಾರಿಗೆ ಒಂದು ಮಾತು ಕೇಳೀರೇನು?"

"ಹೆಂಗ ಕೇಳಲಿ? ಹೌದು, ಸಿಟ್ಟು ಬಂದದ ಅಂದ್ರ?"

"ಅಂದ್ರ ಒಂದು ದಿನ ಅಳ್ರಿ. ಈಗ ಹನ್ನೆರಡು ದಿನ ಅತ್ತೀರಿ. ಏಳ್ರಿ, ನಾನೂ ಬರ್ತೀನಿ."

ಅಂದು ಪಕ್ಕದ ಮನೆಯ ಬಾಗಿಲು ತೆರೆದಿತ್ತು. ಹೊಸ್ತಿಲ ಬಳಿ ಬಿಚ್ಚದ ಚೀಲವೊಂದಿತ್ತು.

"ಬಾರೇ ಶಿವಕಾಂತಾ! ಈಗರೆ ಬಂದೆ. ಮಳಖೇಡದಾಗ ತಂಗಿ ಕಾಲು ಮುರಕೊಂಡಾಳ, ಉಟ್ಟ ಸೀರಿ ಮ್ಯಾಲೇ ಓಡಿದ್ದೆ," ಎಂದಳು ಶಾರದಾಬಾಯಿ. "ಯಾಕ ಇಷ್ಟು ಸೊರಗೀದಿ?"

ಶಿವಕಾಂತಮ್ಮ ಹೊಸ್ತಿಲ ಹೊರಗೇ ನಿಂತಳು. "ಅವತ್ತು ಡಬ್ಬಿ... ಖಾಲಿ ಕೊಟ್ಟಿದ್ದಿ."

"ಯಾವ ಡಬ್ಬಿ? ಹಾಂ, ಅದಾ! ಓಡೋ ಗಡಿಬಿಡ್ಯಾಗ ತೊಳದು ನಿನ್ನ ಗೇಟಿಗೆ ಹಾಕಿ ಹೋದೆ, ಏನರೆ ತುಂಬೋದು ನೆನಪೇ ಆಗಲಿಲ್ಲ ನೋಡು."

ಮೊದಲು ನಕ್ಕವಳು ಶಿವಕಾಂತಮ್ಮ. ನಗುತ್ತ ನಗುತ್ತ ಕಟ್ಟೆಯ ಪರ್ಸಿಯ ಮೇಲೆ ಕುಸಿದು ಕುಳಿತಳು. ಕಲ್ಲು ತಣ್ಣಗಿತ್ತು.

"ರೊಟ್ಟಿ ಅದಾವೇನೇ? ಭಾಳ ಹಸುವಾಗ್ಯಾದ."

"ಒಲಿನೇ ಹಚ್ಚಿಲ್ಲ ಇನ್ನಾ."

"ನಡಿ ಮತ್ತ, ನಮ್ಮ ಮನ್ಯಾಗ ಉಣ್ಣಾಮ್."

"ಬ್ಯಾಳಿಗೆ ಉಪ್ಪು ಒಂದೇ ಸಲ ಹಾಕ್ರಿ," ಎಂದು ಉಮಾದೇವಿ ಹಿಂದಿನಿಂದ ಕೂಗಿದಳು. "ವಾರ ಬಿಟ್ಟು ಮತ್ತ ಬಿಪಿ ನೋಡ್ತೀನಿ!"

ವಾರದ ನಂತರ ನೂರಾ ಮೂವತ್ತಾರು ಇತ್ತು. ಈಗ ಖಂಡೆಪ್ಪ ನಗುವುದಿಲ್ಲ. ಹೆಂಡತಿ ಸುಮ್ಮನಾದರೆ ಪಕ್ಕ ಕೂತು, "ಏನ್ ಕೊರಿಯಾಕತ್ತದ? ಹೇಳು," ಎನ್ನುತ್ತಾನೆ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಗೂ ಒಂದು ಖಾಲಿ ಡಬ್ಬಿ ಬಂದಿರಬಹುದು. ಅದಕ್ಕೆ ಊಹೆ ತುಂಬಬೇಡಿ, ಹೋಗಿ ಕೇಳಿ. ಕೇಳಲು ಧೈರ್ಯ ಸಾಲದಿದ್ದರೆ ಹತ್ತಿರದವರೊಬ್ಬರ ಮುಂದೆ ಹೇಳಿಕೊಳ್ಳಿ. ಕೆಲವು ದಿನಗಳಲ್ಲಿ ನಿದ್ದೆ, ಊಟ ಸರಿಹೋಗದಿದ್ದರೆ ಆಶಾ ಕಾರ್ಯಕರ್ತೆಗೆ ತಿಳಿಸಿ, ಇಲ್ಲವೇ ಟೆಲಿ ಮನಸ್ ಉಚಿತ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಹನ್ನೆರಡು ದಿನ ಕಾಯಬೇಡಿ.