ಕರಡಿಗೆಂದು ಕೊಂಡ ರಿವಾಲ್ವರ್

ಥೂ, ಜಂಭಕ್ಕೂ ಒಂದು ಮಿತಿ ಬೇಡವೆ! ಬಂದೂಕಿನಂಗಡಿಯಲ್ಲಿ ರಾಯ್ಸ್ ಬೆರಳು ತೋರಿಸಿದ್ದು ಎಲ್ಲಕ್ಕಿಂತ ದಪ್ಪ ನಳಿಗೆಯ, ಫಳಫಳ ಹೊಳೆಯುವ ರಿವಾಲ್ವರಿಗೆ. ಅವನ ಹೆಂಡತಿ ಡಾರ್ಲೀನಳ ಅಕ್ಕ ವರ್ನಾ ಪಕ್ಕದಲ್ಲೇ ನಿಂತಿದ್ದಳು.

"ಒಂದು ಕೈಲಿ ಎತ್ತಿ ಹಿಡಿ, ನೋಡೋಣ," ಎಂದಳು.

ಅವನು ಎತ್ತಲಿಲ್ಲ, ನಕ್ಕ. "ಕರಡಿ ಎಷ್ಟು ದೊಡ್ಡದೋ ಗುಂಡೂ ಅಷ್ಟೇ ದೊಡ್ಡದಿರ್ಬೇಕು ವರ್ನಾ. ಅಷ್ಟೂ ಗೊತ್ತಿಲ್ವಾ?"

ಅಲಾಸ್ಕಾದಲ್ಲೇ ಹುಟ್ಟಿ, ಕರಡಿ ಓಡಾಡುವ ಹೊಳೆದಂಡೆಯಲ್ಲೇ ಸಾಲ್ಮನ್ ಮೀನು ಸೀಳುತ್ತ ತಲೆ ನರೆತವಳಿಗೆ, ನಿನ್ನೆ ಮೊನ್ನೆ ಟೆಕ್ಸಾಸಿನಿಂದ ಬಂದವನ ಪಾಠ! ವರ್ನಾಗೆ ಮೈಯೆಲ್ಲ ಉರಿಯಿತು. ಮರುದಿನ ಡಾರ್ಲೀನ್ ಇದೇ ಮಹಾಶಯನ ಜೊತೆ ಮೂಸ್ ಎಂಬ ದೈತ್ಯ ಕಡವೆಯ ಬೇಟೆಗೆ ಹೊರಡುವವಳಿದ್ದಳು. ಅಲ್ಲಿ ಪೊದೆಯಿಂದ ಕರಡಿ ನುಗ್ಗಿದರೆ, ಕೂಗಿಕೊಂಡರೂ ಕೇಳುವವರಿಲ್ಲ.

ಅವನು ಅದನ್ನೇ ಕೊಂಡ ಕೂಡಲೇ ವರ್ನಾ ಗಂಡ ಹೆಂಡತಿ ಇಬ್ಬರನ್ನೂ ಸೀದಾ ಊರಾಚೆ ಜಲ್ಲಿ ತೆಗೆಯುವ ಗುಂಡಿಗೆ ಕರೆದೊಯ್ದಳು. ಕಾಡಿಗೆ ಹೋಗುವವರು ಮೊದಲು ಟಯರಿಗೆ ಹೊಡೆದು ತೋರಿಸಬೇಕು ಎನ್ನುವುದು ಅಪ್ಪನ ಕಾಲದಿಂದ ಅವರ ಮನೆಯ ಕಟ್ಟಳೆ. ಹಳೇ ಟಯರಿಗೆ ಉದ್ದನೆಯ ಹಗ್ಗ ಬಿಗಿದು, ಇನ್ನೊಂದು ತುದಿಯನ್ನು ಹೊಡೆಯುವವನ ಬೆನ್ನ ಹಿಂದಿನ ಜೀಪಿಗೆ ಕಟ್ಟುತ್ತಾರೆ. ಜೀಪು ಹೊರಟಿತೋ, ಟಯರು ನೆಗೆಯುತ್ತ ಧೂಳೆಬ್ಬಿಸುತ್ತ ಕರಡಿಯ ಹಾಗೆ ಎದುರಿನಿಂದ ನುಗ್ಗಿ ಬರುತ್ತದೆ.

ವರ್ನಾ ಜೀಪು ಓಡಿಸಿದಳು. ರಾಯ್ಸನ ಮೊದಲ ಗುಂಡು ಆಕಾಶಕ್ಕೆ ಹೋಯಿತು. ಹಿಂದಕ್ಕೆ ಒದ್ದ ರಿವಾಲ್ವರ್ ಹಣೆಗೆ ಬಡಿದು ರಕ್ತ ಬಂತು. ಎರಡನೆಯದಕ್ಕೆ ಗುರಿಯಿಡುವಷ್ಟರಲ್ಲಿ ಟಯರು ಅವನ ಮೊಣಕಾಲಿಗೆ ಗುದ್ದಿ ಕೆಡವಿತ್ತು.

"ಸತ್ತೆಯಲ್ಲೋ!" ಎಂದಳು ವರ್ನಾ.

"ನಿಜವಾದ ಕರಡಿ ಆಗಿದ್ರೆ ಸದ್ದಿಗೇ ಓಡ್ಹೋಗ್ತಿತ್ತು," ಅಂದ ಪುಣ್ಯಾತ್ಮ, ರಕ್ತ ಒರೆಸಿಕೊಳ್ಳುತ್ತ.

"ಹೌದಪ್ಪ, ನಿನ್ನ ಮುಖ ನೋಡಿ ಕೈಮುಗಿದು ಹೋಗ್ತಿತ್ತು!"

ವರ್ನಾ ತನ್ನ ಎದೆಪಟ್ಟಿಯಲ್ಲಿದ್ದ ಸಣ್ಣ ಕರಿ ಪಿಸ್ತೂಲನ್ನು ಬಿಚ್ಚಿ ತಂಗಿಗೆ ಕೊಟ್ಟಳು. ಟಯರು ಮತ್ತೆ ಬಂತು. ಡಾರ್ಲೀನ್ ಮೂರು ಗುಂಡು ಹೊಡೆದಳು, ಮೂರೂ ಟಯರಿಗೇ ಬಿದ್ದವು. ರಾಯ್ಸನ ಮುಖ ಹುಳ್ಳಗಾಯಿತು.

"ಇದು ನಿನ್ನ ಹತ್ರಾನೇ ಇರ್ಲಿ ಕಣೇ. ಮಲಗುವಾಗ್ಲೂ ಎದೆಯಿಂದ ಇಳಿಸ್ಬೇಡ," ಎಂದು ತಂಗಿಯ ಬೆನ್ನು ತಟ್ಟಿದ ಮೇಲೆಯೇ ವರ್ನಾಗೆ ಜೀವ ಬಂದಂತಾದದ್ದು.

ಬೆಳಿಗ್ಗೆ ದೋಣಿ ಹತ್ತಿಸಲು ಹೊಳೆಗೆ ಬಂದರೆ, ಆ ಕರಿ ಪಿಸ್ತೂಲು ರಾಯ್ಸನ ಎದೆಯ ಮೇಲೆ! ಡಾರ್ಲೀನ್ ಆ ದೊಡ್ಡ ರಿವಾಲ್ವರಿನ ಭಾರಕ್ಕೆ ಬಾಗಿ, ಪಟ್ಟಿ ಸರಿಮಾಡಿಕೊಳ್ಳುತ್ತಿದ್ದಳು.

"ಅದನ್ನ ಅವಳಿಗೆ ಕೊಟ್ಟಿದ್ದು ನಾನು. ಬಿಚ್ಚೋ!"

"ಮುಂದೆ ನಡೆಯೋನು ನಾನಲ್ವಾ? ನಂಗಿದು ಸಲೀಸು. ಅವಳನ್ನೇನು ಬರಿಗೈಲಿ ಕರ್ಕೊಂಡು ಹೋಗ್ತಿಲ್ವಲ್ಲ."

ಎಂಥ ನಾಚಿಕೆಗೆಟ್ಟವನು! ವರ್ನಾ ಅವನ ಎದೆಪಟ್ಟಿಗೇ ಕೈ ಹಾಕಿದಳು. ಡಾರ್ಲೀನ್ ನಡುವೆ ನುಗ್ಗಿ ಅಕ್ಕನ ಬೆರಳುಗಳನ್ನು ಬಿಡಿಸಿದಳು.

"ಸುಮ್ನಿರಕ್ಕಾ, ಯಾವಾಗ್ಲೂ ಅವನನ್ನೇ ಹಂಗಿಸ್ತೀಯ. ನನ್ನ ಮೇಲೆ ಅಕ್ಕರೆ ಇಲ್ದೆ ಅಷ್ಟು ದೊಡ್ಡದನ್ನ ನಂಗೇ ಕೊಡ್ತಿದ್ನಾ?"